ದಿನಕ್ಕೆ ಎಷ್ಟು ಚಮಚ ಸಕ್ಕರೆ? ಮನೆಯಲ್ಲೇ ಲೆಕ್ಕ ಹಾಕಿ ಇಳಿಸುವ ಬಗೆ

"ದಿನಕ್ಕೆ ಎಷ್ಟು ಸಕ್ಕರೆ ತಿಂದರೆ ಪರವಾಗಿಲ್ಲ?" ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: "ಬೆಲ್ಲ ಆದ್ರೆ ತೊಂದರೆ ಇಲ್ಲ ಅಲ್ವಾ?"

ಮೊದಲನೆಯದಕ್ಕೆ ಉತ್ತರ ಚಿಕ್ಕದು. ಆರೋಗ್ಯವಾಗಿರುವ ವಯಸ್ಕರಿಗೆ ದಿನಕ್ಕೆ 25 ಗ್ರಾಂ, ಅಂದರೆ ಸುಮಾರು ಆರು ಟೀ ಚಮಚ. ಎರಡನೆಯದಕ್ಕೆ ಇನ್ನೂ ಚಿಕ್ಕದು: ಬೆಲ್ಲವೂ ಆ ಆರು ಚಮಚದೊಳಗೇ ಬರಬೇಕು.

ಅಂಕಿ ಗೊತ್ತಾದ ಮಾತ್ರಕ್ಕೆ ಕೆಲಸ ಆಗುವುದಿಲ್ಲ. "ನಾನು ಸಿಹಿ ತಿನ್ನೋದೇ ಕಡಿಮೆ" ಎನ್ನುವವರಲ್ಲಿ ಹೆಚ್ಚಿನವರು ಲೆಕ್ಕಕ್ಕೆ ಹಿಡಿಯುವುದು ಲಾಡು, ಮೈಸೂರು ಪಾಕ್, ಹೋಳಿಗೆಯನ್ನು ಮಾತ್ರ. ನಮ್ಮ ಮನೆಗಳಲ್ಲಿ ದಿನದ ಸಕ್ಕರೆಯ ದೊಡ್ಡ ಪಾಲು ಕಾಫಿ, ಟೀ, ಬಿಸ್ಕತ್ತು, ಬಾಟಲಿ ಜ್ಯೂಸಿನ ರೂಪದಲ್ಲಿ ಹೊಟ್ಟೆ ಸೇರುತ್ತದೆ. ಅದನ್ನು ಎಣಿಸುವುದು ಹೇಗೆ, ಆಮೇಲೆ ಇಳಿಸುವುದು ಹೇಗೆ ಎಂದು ಒಂದೊಂದೇ ಹಂತವಾಗಿ ನೋಡೋಣ.

ಬೇಕಾಗಿರುವುದು ಇಷ್ಟೇ: ನೀವು ದಿನಾ ಕಾಫಿಗೆ ಬಳಸುವ ಚಮಚ, ಕಳೆದ ತಿಂಗಳ ದಿನಸಿ ಚೀಟಿ, ಮನೆಯಲ್ಲಿರುವ ನಾಲ್ಕೈದು ಪ್ಯಾಕೆಟ್ಟು, ಒಂದು ಪೆನ್ನು. ಅಡುಗೆಮನೆಯ ಚಿಕ್ಕ ತೂಕದ ಯಂತ್ರ ಇದ್ದರೆ ಒಳ್ಳೆಯದು. ಇಲ್ಲದಿದ್ದರೂ ನಡೆಯುತ್ತದೆ.

1. ನಿಮ್ಮ ಮಿತಿ ಎಷ್ಟು, ಗೊತ್ತು ಮಾಡಿಕೊಳ್ಳಿ

ಎಲ್ಲರೂ ಒಂದೇ ಅಂಕಿ ಹೇಳುವುದಿಲ್ಲ. ಅದಕ್ಕೇ ಇಷ್ಟು ಗೊಂದಲ.

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಎರಡು ಗೆರೆ ಎಳೆಯಿತು. ದಿನದ ಒಟ್ಟು ಕ್ಯಾಲೊರಿಯಲ್ಲಿ ಸಕ್ಕರೆಯಿಂದ ಬರುವುದು ಶೇ. 10ಕ್ಕಿಂತ ಕಡಿಮೆ ಇರಬೇಕು. ಇದು ಗಟ್ಟಿ ಶಿಫಾರಸು. ಶೇ. 5ಕ್ಕಿಂತ ಕೆಳಗೆ ಇಳಿಸಿದರೆ ಇನ್ನೂ ಒಳ್ಳೆಯದು. ಇದು ಅದರ ಮುಂದಿನ ಸಲಹೆ. ಕ್ಯಾಲೊರಿ ಅಂದರೆ ಆಹಾರದಿಂದ ಸಿಗುವ ಶಕ್ತಿಯ ಅಳತೆ. ಒಂದು ಗ್ರಾಂ ಸಕ್ಕರೆಯಲ್ಲಿ 4 ಕ್ಯಾಲೊರಿ ಇರುತ್ತದೆ. ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ಶೇ. 10 ಅಂದರೆ 50 ಗ್ರಾಂ, ಶೇ. 5 ಅಂದರೆ 25 ಗ್ರಾಂ.

ನಮ್ಮಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಭಾರತೀಯರಿಗಾಗಿ ಹೊರತಂದ ಆಹಾರ ಮಾರ್ಗಸೂಚಿಯೂ 25 ಗ್ರಾಂ ಗೆರೆಯನ್ನೇ ಹಿಡಿದಿದೆ. ಅಮೆರಿಕದ ಹೃದಯ ಸಂಘ ಹೆಂಗಸರಿಗೆ 25 ಗ್ರಾಂ, ಗಂಡಸರಿಗೆ 36 ಗ್ರಾಂ ಎನ್ನುತ್ತದೆ. ಬ್ರಿಟನ್ನಿನಲ್ಲಿ 30 ಗ್ರಾಂ.

ನನ್ನ ಸಲಹೆ ಕೇಳುವುದಾದರೆ 25ನ್ನೇ ಗುರಿಯಾಗಿಟ್ಟುಕೊಳ್ಳಿ. ಏನೇ ಆದರೂ 50 ದಾಟಬೇಡಿ. ನಮ್ಮ ಊಟದಲ್ಲಿ ಅನ್ನ, ಮುದ್ದೆ, ರೊಟ್ಟಿ, ಇಡ್ಲಿಯ ಪಿಷ್ಟ ಮೊದಲೇ ಜಾಸ್ತಿ ಇದೆ. ಅದರ ಮೇಲೆ ಸಕ್ಕರೆ ಸೇರಿಸಿಕೊಳ್ಳಲು ಹೆಚ್ಚು ಜಾಗವಿಲ್ಲ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆ. ಇನ್ನೂ 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿದ್ದಾರೆ.

ಎರಡು ವಿಷಯ ನೆನಪಿಡಿ. ಒಂದು, 2000 ಕ್ಯಾಲೊರಿ ಎಲ್ಲರಿಗೂ ಹೊಂದುವುದಿಲ್ಲ. ಮನೆಯಲ್ಲಿ ಕೂತಿರುವ, ತೆಳ್ಳಗಿನ ಮೈಕಟ್ಟಿನ ಅಜ್ಜಿ ದಿನಕ್ಕೆ 1500 ಕ್ಯಾಲೊರಿ ಊಟ ಮಾಡಬಹುದು. ಅವರ ಶೇ. 5 ಅಂದರೆ 19 ಗ್ರಾಂ ಅಷ್ಟೇ. ಎರಡು, ಇದು ಮೇಲಿನ ಮಿತಿ. ಇಷ್ಟು ತಿನ್ನಲೇಬೇಕು ಅಂತ ಇಲ್ಲ. ಹೊರಗಿನಿಂದ ಸೇರಿಸಿದ ಸಕ್ಕರೆ ಒಂದು ಗ್ರಾಂ ಕೂಡ ದೇಹಕ್ಕೆ ಅಗತ್ಯವಿಲ್ಲ. ಬೇಕಾದ ಗ್ಲೂಕೋಸನ್ನು ಅನ್ನ, ಬೇಳೆ, ಹಣ್ಣಿನಿಂದ ಅದು ತಾನೇ ಮಾಡಿಕೊಳ್ಳುತ್ತದೆ.

2. ಯಾವುದು ಲೆಕ್ಕಕ್ಕೆ, ಯಾವುದು ಬೇಡ

ಜನ ಎಡವುವುದು ಹೆಚ್ಚಾಗಿ ಇಲ್ಲೇ.

ಲೆಕ್ಕಕ್ಕೆ ಬರುವವು: ಬಿಳಿ ಸಕ್ಕರೆ, ಕಂದು ಸಕ್ಕರೆ, ಕಲ್ಲುಸಕ್ಕರೆ, ಅಚ್ಚು ಬೆಲ್ಲ, ಉಂಡೆ ಬೆಲ್ಲ, ಜೋನಿ ಬೆಲ್ಲ, ಜೇನುತುಪ್ಪ, ಎಲ್ಲಾ ಬಗೆಯ ಸಿರಪ್ಪು, ಹಣ್ಣಿನ ರಸ, ಕಬ್ಬಿನ ಹಾಲು. ಕಂಪನಿಯವರು ಹಾಕಿದ್ದಾಗಲಿ, ಅಡುಗೆಯವರು ಹಾಕಿದ್ದಾಗಲಿ, ಮೇಜಿನ ಮೇಲೆ ನೀವೇ ಸುರಿದುಕೊಂಡಿದ್ದಾಗಲಿ, ಎಲ್ಲ ಒಂದೇ ಖಾತೆಗೆ.

ಲೆಕ್ಕಕ್ಕೆ ಬೇಡದವು: ಇಡೀ ಹಣ್ಣು, ತರಕಾರಿ, ಹಾಲು, ಸಿಹಿ ಹಾಕದ ಮೊಸರು. ಇವುಗಳಲ್ಲೂ ಸಕ್ಕರೆ ಇದೆ. ಆದರೆ ಹಣ್ಣಿನಲ್ಲಿ ಅದು ನಾರಿನ ಜೊತೆ ಕಟ್ಟಿಕೊಂಡಿರುತ್ತದೆ. ಹಾಲಿನಲ್ಲಿ ಲ್ಯಾಕ್ಟೋಸ್ ಎಂಬ ಹಾಲಿನದೇ ಸಕ್ಕರೆ ಇರುತ್ತದೆ. ಈ ಮಿತಿ ಅವುಗಳಿಗಾಗಿ ಮಾಡಿದ್ದಲ್ಲ.

ಬೆಲ್ಲದ ಬಗ್ಗೆ ಬಿಡಿಸಿ ಹೇಳಲೇಬೇಕು. ಬೆಲ್ಲದಲ್ಲಿ ಒಂದಿಷ್ಟು ಕಬ್ಬಿಣ ಮತ್ತಿತರ ಖನಿಜ ಇರುವುದು ನಿಜ. ಆದರೆ ಅದರ ತೂಕದ ಬಹುಪಾಲು ಸಕ್ಕರೆಯೇ. 100 ಗ್ರಾಂ ಬೆಲ್ಲದಲ್ಲಿ ಸುಮಾರು 380 ಕ್ಯಾಲೊರಿ, ಸಕ್ಕರೆಯಲ್ಲಿ ಹತ್ತಿರ ಹತ್ತಿರ 400. ಅಂತರ ಅಷ್ಟೇ. ರುಚಿಗೆ ಬೆಲ್ಲ ಹಾಕಿ, ಖಂಡಿತ ಹಾಕಿ. ಆದರೆ "ಬೆಲ್ಲದ ಕಾಫಿ" ಅಂತ ಹೇಳಿ ದಿನಕ್ಕೆ ಐದು ಲೋಟ ಕುಡಿದರೆ ಗ್ರಾಂ ಲೆಕ್ಕ ಮೊದಲಿದ್ದಲ್ಲೇ ಇರುತ್ತದೆ. ಬೆಳಿಗ್ಗೆ ಬಿಸಿನೀರಿಗೆ ಎರಡು ಚಮಚ ಜೇನು ಹಾಕಿಕೊಳ್ಳುವವರಿಗೂ ಇದೇ ಮಾತು. ಜೇನಿನ ತೂಕದಲ್ಲಿ ಸುಮಾರು ಶೇ. 80 ಸಕ್ಕರೆ.

ಹಣ್ಣಿನ ರಸದ ವಿಷಯ ಹಲವರಿಗೆ ಒಪ್ಪಿಗೆಯಾಗುವುದಿಲ್ಲ. "ಮನೆಯಲ್ಲೇ ಹಿಂಡಿದ್ದು, ಸಕ್ಕರೆ ಹಾಕಿಲ್ಲ" ಎನ್ನುತ್ತಾರೆ. ಒಂದು ಲೋಟ ಕಿತ್ತಳೆ ರಸಕ್ಕೆ ಮೂರು ನಾಲ್ಕು ಹಣ್ಣು ಬೇಕು. ನಾರು ಜರಡಿಯಲ್ಲೇ ಉಳಿಯುತ್ತದೆ, ಸಕ್ಕರೆಯೆಲ್ಲ ಲೋಟಕ್ಕೆ ಇಳಿಯುತ್ತದೆ. ಅದೇ ನಾಲ್ಕು ಹಣ್ಣನ್ನು ಬಿಡಿಸಿ ತಿನ್ನಲು ಕೂತರೆ ಎರಡಕ್ಕೇ ಸಾಕೆನಿಸುತ್ತದೆ. ಹಾಗಾಗಿ ಹಣ್ಣನ್ನು ಹಣ್ಣಾಗಿಯೇ ತಿನ್ನಿ.

3. ನಿಮ್ಮ ಚಮಚ ಅಳೆಯಿರಿ

ಒಂದು ಟೀ ಚಮಚ ಸಕ್ಕರೆ 4 ಗ್ರಾಂ ಎಂದು ಎಲ್ಲ ಕಡೆ ಬರೆದಿರುತ್ತಾರೆ. ಅದು ಮಟ್ಟ ಚಮಚದ ಲೆಕ್ಕ. ಸಕ್ಕರೆ ತುಂಬಿ, ಚಾಕುವಿನ ಬೆನ್ನಿನಿಂದ ಮೇಲಿನದ್ದನ್ನು ಸವರಿ ತೆಗೆದಾಗ ಉಳಿಯುವುದು. ಮನೆಯಲ್ಲಿ ಯಾರೂ ಹಾಗೆ ಹಾಕುವುದಿಲ್ಲ. ಡಬ್ಬಿಯಿಂದ ಗುಡ್ಡೆ ಬರುವ ಹಾಗೆ ತುಂಬಿ ಹಾಕುತ್ತೇವೆ. ಆಗ ಅದೇ ಚಮಚದಲ್ಲಿ 6-7 ಗ್ರಾಂ ಬರಬಹುದು.

ಹೀಗೆ ಮಾಡಿ. ತೂಕದ ಯಂತ್ರದ ಮೇಲೆ ಖಾಲಿ ಬಟ್ಟಲು ಇಟ್ಟು ಸೊನ್ನೆಗೆ ತನ್ನಿ. ನೀವು ದಿನಾ ಹಾಕುವ ಹಾಗೆಯೇ ಹತ್ತು ಚಮಚ ಸಕ್ಕರೆ ಹಾಕಿ. ಬಂದ ತೂಕವನ್ನು ಹತ್ತರಿಂದ ಭಾಗಿಸಿ. ಅದೇ ನಿಮ್ಮ ಮನೆಯ ಚಮಚ. ಒಂದೇ ಚಮಚ ಹಾಕಿ ತೂಗಬೇಡಿ, ಚಿಕ್ಕ ಯಂತ್ರಗಳು ಅಷ್ಟು ಕಡಿಮೆ ತೂಕವನ್ನು ಸರಿಯಾಗಿ ತೋರಿಸುವುದಿಲ್ಲ. ಯಂತ್ರ ಇಲ್ಲದಿದ್ದರೆ ಇವತ್ತಿನಿಂದ ಮಟ್ಟ ಚಮಚ ಹಾಕುವ ಅಭ್ಯಾಸ ಮಾಡಿಕೊಳ್ಳಿ, 4 ಗ್ರಾಂ ಎಂದು ಹಿಡಿಯಿರಿ.

ಸಕ್ಕರೆ ಡಬ್ಬಿಯಲ್ಲಿ ಊಟದ ದೊಡ್ಡ ಚಮಚ ಇದ್ದರೆ ಇವತ್ತೇ ತೆಗೆದುಬಿಡಿ. ಅದರ ಒಂದು ಮಟ್ಟ ಚಮಚವೇ 12 ಗ್ರಾಂ ಹತ್ತಿರ ಬರುತ್ತದೆ.

4. ದಿನಸಿ ಚೀಟಿ ತೆಗೆಯಿರಿ

ದಿನಾ ಬರೆದಿಡಲು ಎಲ್ಲರಿಗೂ ಆಗುವುದಿಲ್ಲ. ಅದಕ್ಕಿಂತ ಸುಲಭದ ದಾರಿ ತಿಂಗಳ ಸಾಮಾನಿನ ಚೀಟಿ.

ಸಕ್ಕರೆ, ಬೆಲ್ಲ, ಜೇನು ಎಲ್ಲ ಸೇರಿ ತಿಂಗಳಿಗೆ ಎಷ್ಟು ಕೆಜಿ ಮುಗಿಯುತ್ತದೆ ಎಂದು ಕೂಡಿ. ಮನೆಯ ಜನರ ಸಂಖ್ಯೆಯಿಂದ ಭಾಗಿಸಿ, ಮತ್ತೆ 30ರಿಂದ ಭಾಗಿಸಿ. ನಾಲ್ಕು ಜನರ ಮನೆಯಲ್ಲಿ ಮೂರು ಕೆಜಿ ಸಕ್ಕರೆ, ಒಂದು ಕೆಜಿ ಬೆಲ್ಲ ಮುಗಿದರೆ ತಲೆಗೆ ದಿನಕ್ಕೆ 33 ಗ್ರಾಂ ಆಯಿತು. ಬಿಸ್ಕತ್ತಾಗಲಿ, ಹೋಟೆಲ್ ಕಾಫಿಯಾಗಲಿ, ಆಫೀಸ್ ಟೀಯಾಗಲಿ ಇದರಲ್ಲಿ ಇನ್ನೂ ಸೇರಿಲ್ಲ.

25 ಗ್ರಾಂ ಲೆಕ್ಕದಲ್ಲಿ ಒಬ್ಬರಿಗೆ ತಿಂಗಳಿಗೆ ಬರುವುದು ಮುಕ್ಕಾಲು ಕೆಜಿ, ಅದೂ ಹೊರಗಿನದ್ದೆಲ್ಲ ಸೇರಿ. ಹೊರಗೆ ಅರ್ಧದಷ್ಟು ತಿನ್ನುವವರಾದರೆ ನಾಲ್ಕು ಜನರ ಮನೆಗೆ ತಿಂಗಳಿಗೆ ಒಂದೂವರೆ ಕೆಜಿ ಸಾಕು. ಅಂಗಡಿಗೆ ಚೀಟಿ ಬರೆಯುವಾಗಲೇ ಕಡಿಮೆ ಬರೆಯಿರಿ. ಡಬ್ಬಿಯಲ್ಲಿ ಇದ್ದರೆ ಖರ್ಚಾಗಿಯೇ ಆಗುತ್ತದೆ.

5. ಒಂದು ಮಾಮೂಲಿ ದಿನ ಬರೆದು ನೋಡಿ

ಹಬ್ಬ, ಮದುವೆ ಇಲ್ಲದ ಒಂದು ದಿನ ಆರಿಸಿಕೊಳ್ಳಿ. ಬಾಯಿಗೆ ಹೋದದ್ದನ್ನೆಲ್ಲ ಬರೆಯಿರಿ. ಎಷ್ಟೋ ಜನರ ದಿನ ಹೀಗಿರುತ್ತದೆ:

ಬೆಳಿಗ್ಗೆ ಎದ್ದಾಗ ಕಾಫಿ, ತಿಂಡಿಯ ಜೊತೆ ಇನ್ನೊಂದು, ಆಫೀಸಿನಲ್ಲಿ ಹನ್ನೊಂದು ಗಂಟೆಗೆ ಟೀ, ಸಂಜೆ ಮತ್ತೊಂದು. ಒಂದೊಂದಕ್ಕೂ ಎರಡು ಮಟ್ಟ ಚಮಚ ಅಂದರೂ 32 ಗ್ರಾಂ. ಇಲ್ಲಿಗೇ ಮಿತಿ ದಾಟಿತು. ಸಂಜೆ ಟೀ ಜೊತೆ ನಾಲ್ಕು ಬಿಸ್ಕತ್ತು ಅಂದರೆ ಇನ್ನೊಂದು 5-7 ಗ್ರಾಂ. ಮಧ್ಯಾಹ್ನ ಬಿಸಿಲಿಗೆ 250 ಮಿಲಿಲೀಟರ್ ಕೋಲಾ ಕುಡಿದಿದ್ದರೆ ಅದರಲ್ಲೇ ಸುಮಾರು 26 ಗ್ರಾಂ. ಒಟ್ಟು 60 ದಾಟಿತು. ಇಷ್ಟರಲ್ಲಿ "ಸಿಹಿ" ಅಂತ ಕರೆಯುವ ಒಂದು ತುಣುಕನ್ನೂ ಅವರು ತಿಂದಿಲ್ಲ.

ಬರೆಯುವಾಗ ಬಿಟ್ಟು ಹೋಗುವವು: ಟೊಮೇಟೊ ಕೆಚಪ್ (ಒಂದು ದೊಡ್ಡ ಚಮಚದಲ್ಲಿ ಒಂದು ಟೀ ಚಮಚದಷ್ಟು ಸಕ್ಕರೆ), ಬೇಕರಿಯ ಬನ್ನು ಮತ್ತು ರಸ್ಕು, ಹಾಲಿಗೆ ಬೆರೆಸುವ ಮಾಲ್ಟ್ ಪುಡಿ, ಸಿಹಿ ಲಸ್ಸಿ, ಜಾಮು, ಕೆಮ್ಮಿನ ಸಿರಪ್ಪು, ಊಟವಾದ ಮೇಲೆ ಬಾಯಿಗೆ ಹಾಕಿಕೊಳ್ಳುವ ಸಕ್ಕರೆ ಲೇಪಿಸಿದ ಸೋಂಪು. ಒಂದು ಲೋಟ ಕಬ್ಬಿನ ಹಾಲು ಸಾಮಾನ್ಯವಾಗಿ ಒಂದೇ ಏಟಿಗೆ 25 ಗ್ರಾಂ ದಾಟಿಸುತ್ತದೆ.

ಇನ್ನೊಂದು ಕಡೆ, ಹುಳಿಗೆ, ಸಾರಿಗೆ, ಗೊಜ್ಜಿಗೆ ಹಾಕುವ ಬೆಲ್ಲದ ಚೂರಿನ ಬಗ್ಗೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಇಡೀ ಪಾತ್ರೆಗೆ 10-15 ಗ್ರಾಂ ಹಾಕಿ ನಾಲ್ಕು ಜನ ಹಂಚಿಕೊಂಡರೆ ಒಬ್ಬರಿಗೆ ಮೂರು ನಾಲ್ಕು ಗ್ರಾಂ. ಅಡುಗೆಯ ರುಚಿ ಕೆಡಿಸಿಕೊಂಡು ಟೀಯಲ್ಲಿ ಮಾತ್ರ ಎರಡು ಚಮಚ ಉಳಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ.

6. ಪ್ಯಾಕೆಟ್ಟಿನ ಬೆನ್ನು ಓದಲು ಕಲಿಯಿರಿ

ಈ ಹಂತಕ್ಕೆ ಸ್ವಲ್ಪ ಜಾಸ್ತಿ ಸಮಯ ಕೊಡಿ. ಕೈಯಲ್ಲಿ ಒಂದು ಬಿಸ್ಕತ್ತು ಪ್ಯಾಕೆಟ್ ಹಿಡಿದುಕೊಂಡೇ ಓದಿ.

ಹಿಂಬದಿಯಲ್ಲಿ ಪೋಷಕಾಂಶಗಳ ಪಟ್ಟಿ ಇರುತ್ತದೆ. ಅದರಲ್ಲಿ ಸಕ್ಕರೆಗೆ ಎರಡು ಸಾಲು. "ಟೋಟಲ್ ಶುಗರ್ಸ್" ಅಂದರೆ ಹಾಲು, ಹಣ್ಣಿನ ಸಹಜ ಸಕ್ಕರೆಯೂ ಸೇರಿದ ಒಟ್ಟು. "ಆಡೆಡ್ ಶುಗರ್ಸ್" ಅಂದರೆ ಮೇಲಿನಿಂದ ಸೇರಿಸಿದ್ದು. ನಿಮಗೆ ಬೇಕಾದ್ದು ಎರಡನೆಯದು.

ಈಗ ಪಕ್ಕದ ಶೇಕಡಾ ಅಂಕಿ ನೋಡಿ. ಒಂದು ಸರ್ವಿಂಗ್, ಅಂದರೆ ಒಂದು ಸಲಕ್ಕೆ ತಿನ್ನುವ ಪ್ರಮಾಣ ಎಂದು ಕಂಪನಿ ಹೇಳುವಷ್ಟು, ದಿನದ ಮಿತಿಯ ಎಷ್ಟು ಭಾಗ ಎಂದು ಅಲ್ಲಿ ತೋರಿಸುತ್ತಾರೆ. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮದ ಪ್ರಕಾರ ಆ ಶೇಕಡಾ ಲೆಕ್ಕ ನಿಂತಿರುವುದು ದಿನಕ್ಕೆ 50 ಗ್ರಾಂ ಮೇಲೆ. 25ರ ಮೇಲಲ್ಲ. ಹಾಗಾಗಿ ಪ್ಯಾಕೆಟ್ಟಿನಲ್ಲಿ ಶೇ. 14 ಎಂದಿದ್ದರೆ ನಿಮ್ಮ 25 ಗ್ರಾಂ ಲೆಕ್ಕದಲ್ಲಿ ಅದು ಶೇ. 28. ಶೇ. 50 ಎಂದಿದ್ದರೆ ನಿಮ್ಮ ಇಡೀ ದಿನದ್ದು ಅಲ್ಲಿಗೇ ಮುಗಿಯಿತು. ಸುಲಭ ಸೂತ್ರ: ಪ್ಯಾಕೆಟ್ಟಿನ ಶೇಕಡಾವನ್ನು ಎರಡರಿಂದ ಗುಣಿಸಿ.

ಇಲ್ಲಿ ಕಾಲು ಜಾರುವ ಜಾಗಗಳು ಇವು:

ಸರ್ವಿಂಗ್ ಗಾತ್ರ. 75 ಗ್ರಾಂ ಪ್ಯಾಕೆಟ್ಟಿನ ಮೇಲೆ "ಸರ್ವಿಂಗ್ 25 ಗ್ರಾಂ, ಸೇರಿಸಿದ ಸಕ್ಕರೆ 7 ಗ್ರಾಂ" ಎಂದಿದ್ದರೆ, ಇಡೀ ಪ್ಯಾಕೆಟ್ ಮುಗಿಸಿದಾಗ ಹೊಟ್ಟೆ ಸೇರುವುದು 21 ಗ್ರಾಂ.

ಹೆಸರು ಬದಲಾದ ಸಕ್ಕರೆ. ಪದಾರ್ಥಗಳ ಪಟ್ಟಿಯಲ್ಲಿ ತೂಕ ಹೆಚ್ಚಿರುವುದು ಮೊದಲು ಬರುತ್ತದೆ. ಸುಕ್ರೋಸ್, ಡೆಕ್ಸ್‌ಟ್ರೋಸ್, ಫ್ರಕ್ಟೋಸ್, ಲಿಕ್ವಿಡ್ ಗ್ಲೂಕೋಸ್, ಇನ್ವರ್ಟ್ ಸಿರಪ್, ಕಾರ್ನ್ ಸಿರಪ್ ಎಲ್ಲವೂ ಸಕ್ಕರೆಯೇ. ಮೂರು ನಾಲ್ಕು ಹೆಸರಾಗಿ ಹಂಚಿಹೋದರೆ ಒಂದೊಂದೂ ಪಟ್ಟಿಯ ಕೆಳಗೆ ಇಳಿಯುತ್ತದೆ, ಸಕ್ಕರೆ ಕಡಿಮೆ ಇರುವ ಹಾಗೆ ಕಾಣುತ್ತದೆ.

"ಸಕ್ಕರೆ ಸೇರಿಸಿಲ್ಲ" ಎಂಬ ಮಾತು. ಅದು "ಶುಗರ್ ಫ್ರೀ" ಆಗುವುದಿಲ್ಲ. ಶುಗರ್ ಫ್ರೀ ಎನ್ನಲು 100 ಗ್ರಾಂನಲ್ಲಿ 0.5 ಗ್ರಾಂಗಿಂತ ಹೆಚ್ಚು ಸಕ್ಕರೆ ಇರಬಾರದು ಎಂಬ ನಿಯಮವಿದೆ. ಹಣ್ಣಿನ ರಸದ ಡಬ್ಬಿಯ ಮೇಲೆ ಸೇರಿಸಿದ ಸಕ್ಕರೆ ಸೊನ್ನೆ ಎಂದಿರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಮಾತ್ರ ಆ ರಸದ ಸಕ್ಕರೆಯೆಲ್ಲ ಮಿತಿಯೊಳಗೆ ಬರುತ್ತದೆ. ರಸದ ಡಬ್ಬಿಗೆ ಮಾತ್ರ "ಟೋಟಲ್ ಶುಗರ್ಸ್" ಸಾಲನ್ನೇ ನೋಡಿ.

"ಹೆಲ್ತ್ ಡ್ರಿಂಕ್" ಎಂಬ ಪದ. ನಮ್ಮ ಆಹಾರ ಕಾನೂನಿನಲ್ಲಿ ಅಂಥ ವರ್ಗವೇ ಇಲ್ಲ. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಆನ್‌ಲೈನ್ ಅಂಗಡಿಗಳಿಗೆ ಆ ವಿಭಾಗದಿಂದ ಇಂಥ ಪಾನೀಯಗಳನ್ನು ತೆಗೆಯಲು ಹೇಳಿತು. ಮಕ್ಕಳಿಗೆ ಅಂತ ತಂದ ಮಾಲ್ಟ್ ಪುಡಿಯನ್ನು ದೊಡ್ಡವರೂ ಕುಡಿಯುತ್ತಿದ್ದರೆ ಅದರ ಬೆನ್ನು ಒಮ್ಮೆ ಓದಿ.

ಹೊರದೇಶದಲ್ಲಿರುವವರಿಗೆ ಒಂದು ಮಾತು. ಅಮೆರಿಕದ ಲೇಬಲ್ಲಿನಲ್ಲೂ ಸೇರಿಸಿದ ಸಕ್ಕರೆಯ ಶೇಕಡಾ 50 ಗ್ರಾಂ ಮೇಲೆಯೇ ಇದೆ, ಎರಡರಿಂದ ಗುಣಿಸಿಕೊಳ್ಳಿ. ಬ್ರಿಟನ್ನಿನ ಲೇಬಲ್ ತೋರಿಸುವುದು ಒಟ್ಟು ಸಕ್ಕರೆ, ಅದರ ಶೇಕಡಾ ದಿನಕ್ಕೆ 90 ಗ್ರಾಂ ಮೇಲೆ. ಅಲ್ಲಿ ಶೇಕಡಾ ಬಿಟ್ಟು ಗ್ರಾಂ ಮಾತ್ರ ನೋಡುವುದು ಒಳ್ಳೆಯದು.

7. ಕುಡಿಯುವುದರಿಂದ ಶುರು ಮಾಡಿ ಇಳಿಸಿ

ಲೆಕ್ಕ ಕೈಗೆ ಬಂದ ಮೇಲೆ ಕತ್ತರಿ ಹಾಕುವುದು ಎಲ್ಲಿಂದ? ಲೋಟದಿಂದ. ಕುಡಿದ ಸಕ್ಕರೆ ಹೊಟ್ಟೆ ತುಂಬಿಸುವುದಿಲ್ಲ, ಊಟವೂ ಕಡಿಮೆಯಾಗುವುದಿಲ್ಲ.

ಕೋಲಾ, ಬಾಟಲಿಯ ಮಾವಿನ ಪಾನೀಯಗಳನ್ನು ಮನೆಗೆ ತರುವುದನ್ನು ನಿಲ್ಲಿಸಿ. ಇದೊಂದನ್ನು ನಿಧಾನವಾಗಿ ಬಿಡುವ ಅಗತ್ಯವಿಲ್ಲ. ಬದಲಿಗೆ ಶುಂಠಿ, ಕರಿಬೇವು, ಇಂಗು ಹಾಕಿದ ಮಜ್ಜಿಗೆ, ಉಪ್ಪು ಹಾಕಿದ ನಿಂಬೆ ನೀರು, ರಾಗಿ ಅಂಬಲಿ ಇವೆ.

ಕಾಫಿ, ಟೀ ಮಾತ್ರ ನಿಧಾನವಾಗಿ. ಒಮ್ಮೆಗೇ ಸಕ್ಕರೆ ಬಿಟ್ಟವರು ಮೂರನೇ ದಿನ ಮತ್ತೆ ಎರಡು ಚಮಚಕ್ಕೆ ಹೋಗುವುದು ಮಾಮೂಲಿ. ಪ್ರತಿ ವಾರ ಕಾಲು ಚಮಚ ಕಡಿಮೆ ಮಾಡಿ. ಎರಡು ಚಮಚದಿಂದ ಒಂದಕ್ಕೆ ಬರಲು ನಾಲ್ಕು ವಾರ. ಅಷ್ಟರಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತದೆ, ಹಳೇ ಕಾಫಿ ಪಾಯಸದ ಹಾಗೆ ಅನಿಸಲು ಶುರುವಾಗುತ್ತದೆ. ದಿನಕ್ಕೆ ನಾಲ್ಕು ಲೋಟ ಕುಡಿಯುವವರು ಇದೊಂದರಿಂದಲೇ 16 ಗ್ರಾಂ ಉಳಿಸುತ್ತಾರೆ. ಡಿಕಾಕ್ಷನ್ ತಾಜಾ ಇರಲಿ, ಹಾಲು ಗಟ್ಟಿ ಇರಲಿ. ಹಾಲಿಗೆ ತನ್ನದೇ ಸಿಹಿ ಇದೆ.

ಹೊರಗೆ ಕುಡಿಯುವಾಗ ಎಚ್ಚರ. ಎಷ್ಟೋ ಟೀ ಅಂಗಡಿಗಳಲ್ಲಿ ಸಕ್ಕರೆಯನ್ನು ಪಾತ್ರೆಯಲ್ಲೇ ಹಾಕಿ ಕುದಿಸಿರುತ್ತಾರೆ. "ಸಕ್ಕರೆ ಕಡಿಮೆ" ಅಂದರೂ ಅಲ್ಲಿ ಏನೂ ಮಾಡಲಾಗದು. ಕಾಫಿ ಆದರೆ ಅನುಕೂಲ, ದರ್ಶಿನಿಗಳಲ್ಲಿ "ಸಕ್ಕರೆ ಬೇರೆ ಕೊಡಿ" ಅಂದರೆ ಕೊಡುತ್ತಾರೆ. ಜ್ಯೂಸ್ ಅಂಗಡಿಯಲ್ಲಿ ಆರ್ಡರ್ ಜೊತೆಗೇ "ಸಕ್ಕರೆ ಹಾಕ್ಬೇಡಿ" ಎಂದುಬಿಡಿ. ಮಿಕ್ಸಿ ತಿರುಗಿದ ಮೇಲೆ ಹೇಳಿದರೆ ತಡವಾಯಿತು.

ಸಕ್ಕರೆ ಬದಲು ಸುಕ್ರಲೋಸ್, ಸ್ಟೀವಿಯಾ ಮಾತ್ರೆ ಹಾಕಿಕೊಳ್ಳಬಹುದಾ ಎಂದು ಕೇಳುತ್ತೀರಿ. ತೂಕ ಇಳಿಸುವ ಸಲುವಾಗಿ ಇವುಗಳನ್ನು ಬಳಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಲಹೆ ಕೊಟ್ಟಿದೆ. ಈಗಾಗಲೇ ಮಧುಮೇಹ ಇರುವವರಿಗೆ ಆ ಸಲಹೆ ಅನ್ವಯಿಸುವುದಿಲ್ಲ, ಅವರು ವೈದ್ಯರನ್ನೇ ಕೇಳಬೇಕು. ಉಳಿದವರಿಗೆ ನಾನು ಹೇಳುವುದು: ಸಿಹಿಯನ್ನೇ ಕಡಿಮೆ ಮಾಡಿಕೊಳ್ಳಿ. ಮಾತ್ರೆ ಹಾಕಿದರೆ ನಾಲಿಗೆ ಹಳೇ ಮಟ್ಟದಲ್ಲೇ ಉಳಿಯುತ್ತದೆ.

8. ಹಬ್ಬದ ದಿನ

ಕಾಲು ಕೆಜಿ ಕಡಲೆಬೇಳೆಗೆ ಕಾಲು ಕೆಜಿ ಬೆಲ್ಲ ಹಾಕಿ ಹದಿಮೂರು ಹದಿನಾಲ್ಕು ಹೋಳಿಗೆ ಮಾಡಿದರೆ ಒಂದೊಂದರಲ್ಲೂ 18 ಗ್ರಾಂ ಹತ್ತಿರ ಬೆಲ್ಲ. ಎರಡು ತಿಂದರೆ ಆ ದಿನದ ಮಿತಿ ದಾಟುತ್ತದೆ. ಸಂಕ್ರಾಂತಿಯ ಸಕ್ಕರೆ ಅಚ್ಚಿನಲ್ಲಿ ತೂಕವೆಲ್ಲ ಸಕ್ಕರೆಯೇ.

ಹಬ್ಬದ ದಿನ ತಿನ್ನಿ. ಯುಗಾದಿಗೆ ಹೋಳಿಗೆ ಬೇಡ ಎನ್ನುವ ಲೆಕ್ಕ ನನಗೂ ಬೇಡ. ಅವತ್ತು ಕಾಫಿ, ಟೀಗೆ ಸಕ್ಕರೆ ಬಿಡಿ, ಊಟದ ಜೊತೆ ಪಾಯಸ ಮತ್ತು ಹೋಳಿಗೆಯಲ್ಲಿ ಒಂದನ್ನು ಆರಿಸಿಕೊಳ್ಳಿ. ನಿಜವಾದ ತೊಂದರೆ ಹಬ್ಬದ ಮರುದಿನದ್ದು. ಉಳಿದ ಸಿಹಿ ಫ್ರಿಜ್ಜಿನಲ್ಲಿ ವಾರವಿಡೀ ಇರುತ್ತದೆ, ಬಂದು ಹೋಗುವಾಗೆಲ್ಲ ಒಂದೊಂದು ತುಂಡು ಬಾಯಿಗೆ ಹೋಗುತ್ತದೆ. ಮಾಡುವಾಗಲೇ ಕಡಿಮೆ ಮಾಡಿ, ಅವತ್ತೇ ಹಂಚಿಬಿಡಿ.

ಈ ಮಿತಿ ಪಕ್ಕಕ್ಕಿಡಬೇಕಾದ ಸಂದರ್ಭಗಳು

ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ವೈದ್ಯರಿಗೆ ತಿಳಿಸದೆ ಊಟದ ಕ್ರಮ ಏಕಾಏಕಿ ಬದಲಿಸಬೇಡಿ. ರಕ್ತದ ಸಕ್ಕರೆ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗೆ ಇಳಿದು ಬೆವರು, ನಡುಕ, ತಲೆಸುತ್ತು ಬಂದರೆ ಆಗ ಸಕ್ಕರೆಯೇ ಔಷಧಿ. ಎಚ್ಚರ ಇರುವಾಗಲೇ ಮೂರು ನಾಲ್ಕು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಿರಿ. ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷೆ ಮಾಡಿ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ವಾಂತಿ, ಭೇದಿ ಆದಾಗ ಕುಡಿಯುವ ಓಆರ್‌ಎಸ್‌ನಲ್ಲಿ ಸಕ್ಕರೆ ಇರಲೇಬೇಕು. ಕರುಳು ಉಪ್ಪನ್ನೂ ನೀರನ್ನೂ ಹೀರಿಕೊಳ್ಳಲು ಗ್ಲೂಕೋಸ್ ನೆರವಾಗುತ್ತದೆ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಮಟ್ಟ ಟೀ ಚಮಚ ಉಪ್ಪು. "ಸಕ್ಕರೆ ಒಳ್ಳೆಯದಲ್ಲ" ಎಂದು ಇದರಲ್ಲಿ ಕಡಿಮೆ ಮಾಡಬೇಡಿ, ರುಚಿಗೆ ಅಂತ ಜಾಸ್ತಿಯೂ ಹಾಕಬೇಡಿ. ಸಕ್ಕರೆ ಹೆಚ್ಚಾದರೆ ಭೇದಿ ಇನ್ನಷ್ಟು ಜೋರಾಗುತ್ತದೆ.